ಎಥಿಕ್ಸ್ ಆಫೀಸರಾ, ಇನ್‌ಸ್ಪೆಕ್ಟರ್ ಜನರಲ್ಲಾ?

ನಡತೆ ನಿಯಮದ ಬಗ್ಗೆ ಅನುಮಾನ ಬಂದರೆ, ಇಲ್ಲವೇ ಅಕ್ರಮ ಕಂಡರೆ ಯಾರ ಹತ್ತಿರ ಹೋಗಬೇಕು? ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ನೌಕರರಿಗೆ ಎರಡೂ ದಾರಿ ಇವೆ: ನಡತೆ ನಿಯಮದ ಬಗ್ಗೆ ಸಲಹೆ ಕೊಡುವ ಎಥಿಕ್ಸ್ ಆಫೀಸರ್, ಮತ್ತು ಸರ್ಕಾರಿ ಸಂಸ್ಥೆಯೊಳಗಿನ ಅಕ್ರಮ ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಹುದ್ದೆಯಲ್ಲ). ಎರಡಕ್ಕೂ ಕಾನೂನು ಬಂದದ್ದು 1978ರಲ್ಲೇ. ಕೆಲಸ ಮಾತ್ರ ಬೇರೆ ಬೇರೆ.

ಇನ್ನೂ ಏನೂ ಮಾಡಿಲ್ಲ, ಹೀಗೆ ಮಾಡಬಹುದಾ ಅನ್ನೋ ಅನುಮಾನ ಅಷ್ಟೇ ಅಂದರೆ ಎಥಿಕ್ಸ್ ಆಫೀಸರ್ ಹತ್ತಿರ ಹೋಗಿ. ಗುತ್ತಿಗೆದಾರ ತಾನಾಗೇ ಕೊಟ್ಟ ಉಡುಗೊರೆ 20 ಡಾಲರ್ ದಾಟುತ್ತಾ, ಅವನಿಂದ ಬಂದದ್ದು ವರ್ಷಕ್ಕೆ ಒಟ್ಟು 50 ಮೀರಿತಾ ಅಂತ ನೋಡಿ ಹೇಳುತ್ತಾರೆ. (ನಗದಾದರೆ ಒಂದು ಡಾಲರೂ ಮುಟ್ಟುವಂತಿಲ್ಲ.) ಏನನ್ನೂ ಮುಚ್ಚಿಡದೆ ಕೇಳಿ, ಅವರ ಸಲಹೆಯಂತೆ ನಡೆದರೆ ನಡತೆ ನಿಯಮದಡಿ ಶಿಸ್ತುಕ್ರಮ ಇಲ್ಲ. ನನಗೆ ಇದೇ ದೊಡ್ಡ ಲಾಭ ಅನಿಸುತ್ತದೆ. ಆದರೆ ಅವರು ನಿಮ್ಮ ವಕೀಲರಲ್ಲ; ಹೇಳಿದ್ದು ಗುಟ್ಟಾಗಿ ಉಳಿಯುವ ಖಾತ್ರಿ ಇಲ್ಲ.

ಬೇರೆಯವರ ಅಕ್ರಮ ಕಣ್ಣಿಗೆ ಬಿತ್ತಾ? ಸೀದಾ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ ಹೋಗಿ. ತನಿಖೆ ಅವರದ್ದು. ತೀರಾ ಅನಿವಾರ್ಯವಾಗದ ಹೊರತು, ಒಪ್ಪಿಗೆ ಇಲ್ಲದೆ ದೂರು ಕೊಟ್ಟ ನೌಕರರ ಹೆಸರು ಹೊರಬಿಡುವಂತಿಲ್ಲ.