ಜೋಸ್ಮ್ ರಿವರ್ಟರ್: ತಿರುಗಿ ಹಾಕೋದು ಸಸಾರ, ಆಮ್ಯಾಲಿನ ಫಜೀತಿ ಕೇಳ್ರಿ

ರಾತ್ರಿ ಊಟ ಆದಮ್ಯಾಲ ಓಪನ್‌ಸ್ಟ್ರೀಟ್‌ಮ್ಯಾಪ್ ತಗದು ವಿಜಯಪುರದ ಓಣಿ, ಬಾವಿ, ಗುಮ್ಮಟ ಬಿಡಿಸ್ಕೋತ ಕುಂದ್ರೋದು ನನ್ನ ಚಟ. 2004ರಾಗ ಶುರು ಆದ ನಕ್ಷಾ ಇದು, ಯಾರ್ ಬೇಕಾದ್ರೂ ಅಕೌಂಟ್ ಮಾಡಿ ತಿದ್ದಬಹುದು, ಅಂದ್ರ ಯಾರ್ ಬೇಕಾದ್ರೂ ಕೆಡಸ್ಲೂಬಹುದು. ಕೆಟ್ಟ ಎಡಿಟ್ ವಾಪಸ್ ಮಾಡಾಕ ನಾ ಬಳಸೋದು ಜೋಸ್ಮ್ ಅನ್ನೋ ನಕ್ಷಾ ತಿದ್ದೋ ಸಾಫ್ಟ್‌ವೇರಿಗೆ ಮ್ಯಾಲಿಂದ ಜೋಡಿಸೋ ರಿವರ್ಟರ್ ಪ್ಲಗಿನ್. ರಿವ್ಯೂ ಅದರದ್ದ, ಆದ್ರ ಅರ್ಧಕ್ಕರ್ಧ ನನ್ನ ಎಡವಟ್ಟಿನ ಕಥಿನೂ ಹೌದು.

ಒಂದಿನ ನೋಡ್ತೀನಿ, ಜೋಡ ಗುಮ್ಮಟದ ಕಡೆ ನಾನ ಬಿಸಲಾಗ ಬೈಕ್ ಮ್ಯಾಲ ಜಿಪಿಎಸ್ ಹಿಡ್ಕೊಂಡು ಅಡ್ಡಾಡಿ ಬಿಡಿಸಿದ್ದ ಎರಡು ಓಣಿ ಮಂಗಮಾಯ, ಮೂರನೇದು ಸೊಟ್ಟಾಗಿ ಯಾರದೋ ಮನಿ ಮ್ಯಾಲ ಹಾದು ಹೋಗೇತಿ. ಹಿಸ್ಟರಿ ತಗದ್ರ ಎಲ್ಲಾ ಒಂದ ಚೇಂಜ್‌ಸೆಟ್ಟಿನ್ಯಾಗಿನ (ಅಂದ್ರ ಒಬ್ಬರು ಒಟ್ಟಿಗೆ ಕಳಿಸಿದ ಬದಲಾವಣಿಗಳ ಗಂಟು) ಕೆಲಸ, ಮಾಡಿದಾಂವಂದು ಅದ ಮೊದಲನೇ ಎಡಿಟ್. ನನ್ನ ಪಿತ್ತ ನೆತ್ತಿಗೇರಿತು.

ಪ್ಲಗಿನ್ ಕೆಲಸ ಭಾಳ ಸರಳ ಐತಿ. ಚೇಂಜ್‌ಸೆಟ್ ನಂಬರ್ ಕೊಟ್ರ ಮೂರು ದಾರಿ ಕೇಳ್ತೈತಿ: ಪೂರ್ತಿ ತಿರುಗಿಸ್ಲಾ, ನೀ ಆರಿಸಿದ್ದಷ್ಟ ತಿರುಗಿಸ್ಲಾ, ಇಲ್ಲಾ ಆರಿಸಿದ್ದು ತಿರುಗಿಸಿ ಅಳಿಸಿದ್ದನ್ನೂ ವಾಪಸ್ ತರ್ಲಾ ಅಂತ. ನಾ ಸಿಟ್ಟಿನ್ಯಾಗ ಪೂರ್ತಿ ಅಂದೆ, ಓಣಿ ಬಂದ್ವು, ಸೊಟ್ಟ ಇದ್ದದ್ದು ನೆಟ್ಟಗಾತು, ಅಪ್‌ಲೋಡ್ ಹೊಡದು ಮಲ್ಕೊಂಡೆ.

ಇಲ್ಲಿ ಒಂದು ಮಾತು ಹೇಳ್ಬೇಕು, ಯಾಕಂದ್ರ ಇದು ಗೊತ್ತಿಲ್ದ ಭಾಳ ಮಂದಿ ಅಳಿಸಿ ಹೋಗಿದ್ದನ್ನ ಹೊಸಾದಾಗಿ ಬಿಡಿಸಾಕ ಕುಂದರ್ತಾರ. ಹಂಗ ಮಾಡ್ಬ್ಯಾಡ್ರಿ. ಈ ನಕ್ಷಾದಾಗ ಅಳಿಸಿದ್ದು ಖರೇ ಅಳಿಸಿ ಹೋಗಂಗಿಲ್ಲ, ಒಂದೊಂದು ಚುಕ್ಕಿಗೂ ಗೆರಿಗೂ ನಂಬರ್ ಐತಿ, ವರ್ಷನ್ ಐತಿ. 3ನೇ ವರ್ಷನ್ ಚಲೋ ಇದ್ದು 4ನೇದು ಕೆಟ್ಟಿದ್ರ ರಿವರ್ಟರ್ 4ನೇದನ್ನ ಒರಸಂಗಿಲ್ಲ, 3ರಂಗ ಕಾಣೋ 5ನೇದನ್ನ ಮ್ಯಾಲ ಹಾಕ್ತೈತಿ ಅಷ್ಟ. ಓಣಿ ತನ್ನ ಹಳೇ ನಂಬರಿಗೇನ ಎದ್ದು ಕುಂದರ್ತೈತಿ, ಯಾರ್ ಬಿಡಿಸಿದ್ರು, ಹೆಸರು ಯಾವಾಗ ಬದಲಾತು ಎಲ್ಲಾ ಹಿಂದ ಇರ್ತೈತಿ. ಹೊಸಾದಾಗಿ ಬಿಡಿಸಿದ್ರ ಆ ಇತಿಹಾಸದ ಕೊಂಡಿನ ಕಡದಂಗ.

ಎರಡು ದಿನ ಬಿಟ್ಟು ನನ್ನ ಚೇಂಜ್‌ಸೆಟ್ ಕೆಳಗ ಒಂದು ಕಾಮೆಂಟ್ ಬಂತು: "ಸರ, ನಮ್ಮ ಚಾದಂಗಡಿ ಎಲ್ಲಿ ಹೋತ್ರಿ? ಮೊನ್ನೆ ಹಾಕಿದ್ದೆ."

ಹೊಟ್ಟಿ ಕಳಕ್ ಅಂತು. ನಾ ತಿರುಗಿಸಿದ್ದ ಚೇಂಜ್‌ಸೆಟ್ಟಿನ್ಯಾಗನ ಈ ಕಾಮೆಂಟ್ ಹಾಕಿದ ಹುಡುಗ ತಮ್ಮಪ್ಪನ ಅಂಗಡಿ ಪಾಯಿಂಟ್ ಹಾಕಿದ್ದ, ಅಂಗಡಿ ಖರೇನ ಐತಿ, ನಾನ ಅಲ್ಲಿ ಎಷ್ಟೋ ಸರ್ತಿ ಚಾ ಕುಡದೀನಿ! ಪಾಪ ಪಾಯಿಂಟ್ ಎಳ್ಯಾಕ ಹೋಗಿ ರಸ್ತಾ ಎಳದಾನ, ಗಾಬರಿ ಆಗಿ ಸರಿ ಮಾಡಾಕ ಹೋಗಿ ಪಕ್ಕದ್ದು ಡಿಲೀಟ್ ಹೊಡದಾನ, ಸೇವ್ ಮಾಡೋಕಿಂತ ಮೊದಲ ಅನ್‌ಡೂ ಒತ್ತಿದ್ರ ಮುಗೀತಿತ್ತು ಅಂತ ಅವನಿಗೆ ಗೊತ್ತಿಲ್ಲ. ನಾನೂ ಮೊದಲ ಅವನ ಚೇಂಜ್‌ಸೆಟ್ಟಿಗೆ ಒಂದು ಕಾಮೆಂಟ್ ಹಾಕಿ ಕೇಳಿದ್ರ ಈ ರಾಮಾಯಣ ಇರ್ತಿರಲಿಲ್ಲ.

ನನ್ನ ರಿವರ್ಟನ್ನ ರಿವರ್ಟ್ ಮಾಡಿದ್ರ ಓಣಿ ಮತ್ತ ಹೋಗ್ತಾವ. ಅದಕ್ಕ ಅನ್‌ಡಿಲೀಟ್ ಅನ್ನೋ ಇನ್ನೊಂದು ಪ್ಲಗಿನ್ ಹಾಕಿ, ಅಂಗಡಿ ಪಾಯಿಂಟಿನ ನಂಬರ್ ಅವನ ಚೇಂಜ್‌ಸೆಟ್ಟಿನಿಂದ ಎತ್ಕೊಂಡು ಅದೊಂದನ್ನ ಎಬ್ಬಿಸಿದೆ. 1ನೇ ವರ್ಷನ್ ಹುಡುಗ ಹಾಕಿದ್ದು, 2ನೇದು ನಾ ಅಳಿಸಿದ್ದು, 3ನೇದು ನಾನ ಬದುಕಿಸಿದ್ದು, ನನ್ನ ಪೆದ್ದತನ ಈಗ ಹಿಸ್ಟರಿದಾಗ ಕಾಯಂ.

ತಾಪತ್ರಯ ಇಲ್ಲ ಅಂತಲ್ಲ. ಕೆಟ್ಟ ಎಡಿಟ್ ಮ್ಯಾಲ ಇನ್ಯಾರೋ ಆಮ್ಯಾಲ ತಿದ್ದಿದ್ರ ಕಾನ್‌ಫ್ಲಿಕ್ಟ್ ಬರ್ತೈತಿ, ಅವಾಗ ಎರಡೂ ಬಾಜೂಬಾಜೂ ಇಟ್ಟು ಯಾವ್ದು ಬೇಕು ಅಂತ ಒಂದೊಂದ ಆರಿಸ್ಬೇಕು. ಒಂದು ಚೇಂಜ್‌ಸೆಟ್ಟಿನ್ಯಾಗ 10,000 ಬದಲಾವಣಿ ತನಕ ಇರಬಹುದು, ಅಂಥಾದಕ್ಕ ಹೊಸಬ್ರು ಕೈ ಹಚ್ಚಬ್ಯಾಡ್ರಿ. ಬೇಕಂತನ ಕೆಡಸೋರು, ಬಿಜಾಪುರ ಅಂತ ಒಬ್ಬ ವಿಜಯಪುರ ಅಂತ ಇನ್ನೊಬ್ಬ ಜಗ್ಗಾಡೋರು ಇವ್ರಿಗೆ ಪ್ಲಗಿನ್ ಮದ್ದಲ್ಲ, ಇಂಥಾ ತಂಟೆ ನೋಡ್ಕೊಳ್ಳೋ ಓಪನ್‌ಸ್ಟ್ರೀಟ್‌ಮ್ಯಾಪಿನ ಡೇಟಾ ವರ್ಕಿಂಗ್ ಗ್ರೂಪಿಗೆ ತಿಳಸ್ಬೇಕು. ಊರಿನ ಹೆಸರು 2014ರ ನವೆಂಬರ್ 1ಕ್ಕ ಬದಲಾಗೇತಿ, ಹಳೇ ಹೆಸರಿಗೆ ಬ್ಯಾರೇ ಟ್ಯಾಗ್ ಐತಿ, ಎರಡೂ ಇರ್ಲಿ, ಜಗಳ ಯಾತಕ್ಕ? ಮತ್ತ ರಿವರ್ಟ್ ಮಾಡಿದ ಕೂಡ್ಲೇ ಮೊಬೈಲ್ ಆ್ಯಪಿನ್ಯಾಗ ಕಾಣ್ಲಿಲ್ಲ ಅಂತ ಇನ್ನೊಮ್ಮೆ ಒತ್ತಬ್ಯಾಡ್ರಿ, ಆಫ್‌ಲೈನ್ ನಕ್ಷಾ ಅಪ್ಡೇಟ್ ಆಗಾಕ ಟೈಮ್ ಬೇಕು.

ಐದಕ್ಕ ನಾಕು ಸ್ಟಾರ್ ಕೊಡ್ತೀನಿ. ಜಾವಾ ಮ್ಯಾಲ ಓಡ್ತೈತಿ, ನನ್ನ ಹಳೇ ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿಗತೆ ಕೂಗ್ತೈತಿ, ಒಂದು ಸ್ಟಾರ್ ಅದಕ್ಕ ಕಟ್.

ಹುಡುಗ ಈಗ ರಿವರ್ಟ್ ಕಲ್ಯಾಕ ನನ್ನ ಕಡೆ ಬರ್ತಾನ. ಅಂಗಡಿ ಪಾಯಿಂಟ್ 5ನೇ ವರ್ಷನ್‌ಗೆ ಬಂದೈತಿ, ತೆರೆಯೋ ಟೈಮ್ ಅವನ ಹಾಕ್ಯಾನ, ಮುಂಜಾನಿ 5:30 ಅಂತ. ಒಮ್ಮೆ ಹೋಗಿ ನೋಡಿದೆ, 6 ಆದ್ರೂ ಶಟರ್ ತಗದಿರಲಿಲ್ಲ.