ರಾತ್ರಿ ರೌಂಡ್ಸಿಗೆ ಕ್ಯೂಆರ್ ಆಪ್, ಎನ್‌ಎಫ್‌ಸಿ, ಬ್ಯಾಟನ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸೆಕ್ಯುರಿಟಿ ಗಾರ್ಡುಗಳ ರಾತ್ರಿ ರೌಂಡ್ಸ್ ದಾಖಲಿಸಲು ನಾನು ಆರಿಸುವುದು ಆರ್‌ಎಫ್‌ಐಡಿ ಬ್ಯಾಟನ್ನನ್ನೇ. ಗೋಡೆಯ ಟ್ಯಾಗಿನ ಹತ್ತಿರ ಹಿಡಿದರೆ ಅದನ್ನು ರೇಡಿಯೋ ಅಲೆಯಿಂದ ಓದಿಕೊಳ್ಳುವ, ಟಾರ್ಚಿನಷ್ಟು ಉದ್ದದ ಕೋಲು, ಪರದೆ ಇಲ್ಲ, ಸಿಮ್ ಇಲ್ಲ. ಎಂಟು ತಿಂಗಳು ಕ್ಯೂಆರ್ ಆಪ್‌ಗೆ ದುಡ್ಡು ಕಟ್ಟಿ, ಒಬ್ಬ ಪ್ರಾಮಾಣಿಕ ಗಾರ್ಡಿಗೆ ಅನ್ಯಾಯ ಮಾಡಿದ ಮೇಲೆ ನಾವು ಇದಕ್ಕೆ ಬಂದೆವು.

ನಮ್ಮದು ಬೆಂಗಳೂರಿನಲ್ಲಿ 84 ಮನೆಗಳ ಅಪಾರ್ಟ್‌ಮೆಂಟು. ಎರಡು ಬೇಸ್‌ಮೆಂಟು, ಸಂಪ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ), ಜನರೇಟರ್ ರೂಮು, ಹಿಂದಿನ ಕಾಂಪೌಂಡು, ಟೆರೇಸು ಎಲ್ಲಾ ಸೇರಿ ರೌಂಡ್ಸಿನಲ್ಲಿ ನೋಡಿಬರಬೇಕಾದ 12 ಪಾಯಿಂಟು. ಅಸೋಸಿಯೇಷನ್ನಿನಲ್ಲಿ ಸೆಕ್ಯುರಿಟಿ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮೊದಲು ರಿಜಿಸ್ಟರ್ ಇತ್ತು. ಬೆಳಗಿನ ಜಾವ ಕೂತು ನಾಲ್ಕೂ ರೌಂಡ್ಸನ್ನು ಒಟ್ಟಿಗೆ ಬರೆದಿಡುತ್ತಿದ್ದರು, ಹಾಗಾಗಿ ಬಿಟ್ಟೆವು.

ಆಮೇಲೆ ಬಂದದ್ದು ಕ್ಯೂಆರ್ ಆಪ್. ಪ್ರತಿ ಪಾಯಿಂಟಿಗೆ ಒಂದು ಸ್ಟಿಕ್ಕರ್, ಗಾರ್ಡ್ ತನ್ನ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬೇಕು, ರಿಪೋರ್ಟ್ ನನ್ನ ಮೊಬೈಲಿಗೆ. ತಿಂಗಳಿಗೆ 1,800 ರೂಪಾಯಿ. ಮೊದಲ ಎರಡು ತಿಂಗಳು ನಾನೂ ನೆಮ್ಮದಿಯಾಗಿದ್ದೆ.

ಮಳೆಗಾಲದಲ್ಲಿ ಒಂದು ದಿನ ಎಸ್‌ಟಿಪಿ ಕಡೆ ಹೋದಾಗ ಅಲ್ಲಿನ ಸ್ಟಿಕ್ಕರೇ ಇರಲಿಲ್ಲ. ಗೋಡೆ ತೇವಕ್ಕೆ ಉಬ್ಬಿ, ಅಂಟಿನ ಗುರುತು ಮಾತ್ರ ಉಳಿದಿತ್ತು. ರಿಪೋರ್ಟ್ ತೆಗೆದು ನೋಡಿದರೆ ಹಿಂದಿನ ರಾತ್ರಿ ಕೂಡ ಆ ಪಾಯಿಂಟು ಹಸಿರು, ಅಂದರೆ ಸ್ಕ್ಯಾನ್ ಆಗಿದೆ ಅಂತ. ಒಂದು ಪಾಳಿಯವರು 12 ಸ್ಟಿಕ್ಕರುಗಳ ಫೋಟೋ ಇನ್ನೊಂದು ಮೊಬೈಲಿನಲ್ಲಿ ಇಟ್ಟುಕೊಂಡು ಗೇಟಿನ ಕ್ಯಾಬಿನ್ನಿನಲ್ಲೇ ಸ್ಕ್ಯಾನ್ ಮಾಡುತ್ತಿದ್ದರು. ಕ್ಯೂಆರ್ ಅಂದರೆ ಕೊನೆಗೂ ಒಂದು ಚಿತ್ರ, ಚಿತ್ರದ ಫೋಟೋ ತೆಗೆದರೂ ಕ್ಯಾಮೆರಾಕ್ಕೆ ಅದೇ. ಜಿಪಿಎಸ್ ಆನ್ ಮಾಡಿಸಿ ಅಂದರು ಆಪ್‌ನವರು. ಕ್ಯಾಬಿನ್ನಿಗೂ ಎಸ್‌ಟಿಪಿಗೂ ನಡುವೆ ನಲವತ್ತು ಹೆಜ್ಜೆ, ಜಿಪಿಎಸ್ಸಿಗೆ ಎರಡೂ ಒಂದೇ ಜಾಗ. ಬೇಸ್‌ಮೆಂಟೋ ಎಂಟನೇ ಮಹಡಿಯೋ ಅನ್ನುವುದಂತೂ ಅದಕ್ಕೆ ತಿಳಿಯುವುದೇ ಇಲ್ಲ.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇದರ ಉಲ್ಟಾ ನಡೆದದ್ದು. ಇನ್ನೊಂದು ಪಾಳಿಯಲ್ಲಿ ರಾಯಚೂರು ಕಡೆಯ ಒಬ್ಬರಿದ್ದಾರೆ, ಐವತ್ತರ ಆಸುಪಾಸಿನವರು. ಅವರ ರಿಪೋರ್ಟಿನಲ್ಲಿ ಎರಡನೇ ಬೇಸ್‌ಮೆಂಟಿನ ನಾಲ್ಕು ಪಾಯಿಂಟು ಸದಾ ಕೆಂಪು. ನಾನು ಆ ರಿಪೋರ್ಟನ್ನು ಹಾಗೆಯೇ ಗಾರ್ಡುಗಳನ್ನು ಕಳಿಸುವ ಏಜೆನ್ಸಿಗೆ ಕಳಿಸಿದೆ, ಅವರು ಎರಡು ದಿನದ ಸಂಬಳ ಹಿಡಿದರು. ಆ ಸಂಜೆ ಡ್ಯೂಟಿಗೆ ಬಂದವರು ಜಗಳ ಮಾಡಲಿಲ್ಲ. "ಸರ್, ನಾ ಎಲ್ಲಾ ಕಡೆ ಹೋಗೀನ್ರಿ. ಬೇಕಾದ್ರ ಇವತ್ತು ನನ್ನ ಕೂಡ ಬರ್ರಿ" ಅಂದರು.

ಹೋದೆ. ರಾತ್ರಿ ಎರಡು ಗಂಟೆಗೆ ಅವರ ಹಿಂದೆಯೇ ಬೇಸ್‌ಮೆಂಟಿಗೆ ಇಳಿದೆ. ಪಂಪ್ ರೂಮಿನ ಚಿಲಕ ಎಳೆದು ನೋಡಿದರು, ಸಂಪ್ ಮುಚ್ಚಳವನ್ನು ಕಾಲಿಂದ ಒತ್ತಿ ನೋಡಿದರು, ಆಮೇಲೆ ಸ್ಟಿಕ್ಕರ್ ಮುಂದೆ ಮೊಬೈಲ್ ಹಿಡಿದರು. ಅಲ್ಲಿ ನೆಟ್‌ವರ್ಕ್ ಒಂದು ಕಡ್ಡಿಯೂ ಇಲ್ಲ. ಆಪ್ ಸ್ಕ್ಯಾನನ್ನು ಒಳಗೇ ಇಟ್ಟುಕೊಂಡಿತು. 2.50ಕ್ಕೆ ಟೆರೇಸಿಗೆ ಹತ್ತಿದ ಮೇಲೆ ನಾಲ್ಕೂ ಒಟ್ಟಿಗೆ ಅಪ್‌ಲೋಡ್ ಆದವು, ಆಪ್ ಅವನ್ನೆಲ್ಲ 2.50ರ ಸ್ಕ್ಯಾನ್ ಅಂತಲೇ ಬರೆದುಕೊಂಡಿತು. ನಾವು ಕೊಟ್ಟಿದ್ದ ವೇಳೆ 2ರಿಂದ 2.30. ಹಾಗಾಗಿ ನಾಲ್ಕೂ ಕೆಂಪು. ನಿಜವಾಗಿ ನಡೆದವರಿಗೆ ಕೆಂಪು, ಕುರ್ಚಿ ಬಿಟ್ಟು ಏಳದವರಿಗೆ ಹಸಿರು. ಮಾರನೆಯ ದಿನ ಏಜೆನ್ಸಿಗೆ ಹೇಳಿ ಆ ಎರಡು ದಿನದ ಸಂಬಳ ವಾಪಸ್ ಕೊಡಿಸಿದೆ, ಆ ಗಾರ್ಡಿನ ಹತ್ತಿರ ಕ್ಷಮೆಯನ್ನೂ ಕೇಳಿದೆ. ಎಲ್ಲ ಆಪ್‌ಗಳೂ ಹೀಗಿರುವುದಿಲ್ಲ. ಕೊಳ್ಳುವ ಮೊದಲು ಸ್ಕ್ಯಾನ್ ಆದ ಹೊತ್ತು, ಅಪ್‌ಲೋಡ್ ಆದ ಹೊತ್ತು ಎರಡನ್ನೂ ಬೇರೆಬೇರೆ ತೋರಿಸುತ್ತದೆಯೇ ಕೇಳಿ. ಡೆಮೊ ಬೇಸ್‌ಮೆಂಟಿನಲ್ಲೇ ಮಾಡಿಸಿ, ಕ್ಲಬ್‌ಹೌಸಿನಲ್ಲಿ ಬೇಡ.

ಎನ್‌ಎಫ್‌ಸಿ ಟ್ಯಾಗನ್ನು (ಮೊಬೈಲ್ ತಾಗಿಸಿದರೆ ಓದಿಕೊಳ್ಳುವ ಪುಟ್ಟ ಚಿಪ್) ಒಂದು ವಾರ ನೋಡಿದೆವು. ಫೋಟೋ ತೆಗೆದು ಮೋಸ ಮಾಡುವಂತಿಲ್ಲ, ಮೊಬೈಲನ್ನು ಟ್ಯಾಗಿಗೆ ತಾಗಿಸಲೇಬೇಕು. ಆದರೆ ಗಾರ್ಡುಗಳ ಮೊಬೈಲುಗಳಲ್ಲಿ ಒಂದರಲ್ಲೂ ಎನ್‌ಎಫ್‌ಸಿ ಇರಲಿಲ್ಲ, ಅಸೋಸಿಯೇಷನ್ನೇ ಫೋನ್ ಕೊಡಿಸಬೇಕಿತ್ತು. ಜನರೇಟರ್ ರೂಮಿನ ಕಬ್ಬಿಣದ ಬಾಗಿಲಿಗೆ ಅಂಟಿಸಿದ ಟ್ಯಾಗ್ ಓದಲೇ ಇಲ್ಲ. ಲೋಹದ ಮೇಲೆ ಅಂಟಿಸಲೆಂದೇ ಬೇರೆ ಟ್ಯಾಗ್ ಬರುತ್ತದೆ, ಅದನ್ನೇ ಕೇಳಿ ತರಿಸಬೇಕು.

ಬ್ಯಾಟನ್ನಿಗೆ ನಮಗೆ ಟ್ಯಾಗ್ ಸೇರಿ ಒಂದು ಸಲಕ್ಕೆ 14,500 ರೂಪಾಯಿ ಬಿತ್ತು, ತಿಂಗಳ ಬಾಡಿಗೆ ಇಲ್ಲ. ನಾಣ್ಯದಂಥ ಟ್ಯಾಗನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಟ್ಯಾಗಿಗೆ ಬ್ಯಾಟರಿ ಬೇಡ, ಕೋಲನ್ನು ಎರಡು ಮೂರು ಬೆರಳಷ್ಟು ಹತ್ತಿರ ತಂದರೆ ಬೀಪ್ ಅಂದು ಕೈಯಲ್ಲಿ ನಡುಗುತ್ತದೆ. ಹೊತ್ತು ಆ ಕ್ಷಣಕ್ಕೇ ಕೋಲಿನೊಳಗೆ ದಾಖಲಾಗುತ್ತದೆ, ನೆಟ್‌ವರ್ಕಿನ ಹಂಗಿಲ್ಲ. ಪಾಳಿ ಶುರುವಾಗುವಾಗ ಗಾರ್ಡ್ ತನ್ನ ಕಾರ್ಡಿಗೆ ತಾಗಿಸಿಕೊಂಡರೆ ಯಾರ ರೌಂಡ್ ಅನ್ನುವುದೂ ಗೊತ್ತಾಗುತ್ತದೆ. ಓದು ಬರಹ ಬೇಕಿಲ್ಲ, ಸ್ವಂತ ಮೊಬೈಲು, ಸ್ವಂತ ಡೇಟಾ ಖರ್ಚಿಲ್ಲ. ಕಡಿಮೆ ಸಂಬಳಕ್ಕೆ ಹನ್ನೆರಡು ಗಂಟೆ ದುಡಿಯುವವರ ಡೇಟಾದಲ್ಲಿ ನಮ್ಮ ಲೆಕ್ಕ ನಡೆಸುವುದು ನನಗೆ ಮೊದಲಿಂದಲೂ ಸರಿ ಕಂಡಿರಲಿಲ್ಲ.

ಕೊರತೆಯೂ ಇದೆ. ಬೆಳಿಗ್ಗೆ ಕಂಪ್ಯೂಟರಿಗೆ ಜೋಡಿಸಿದ ಮೇಲೇ ರಿಪೋರ್ಟ್, ರಾತ್ರಿಯೇ ಏನೂ ಗೊತ್ತಾಗುವುದಿಲ್ಲ. ಗಾರ್ಡ್ ಎಲ್ಲಾದರೂ ಜಾರಿ ಬಿದ್ದರೆ ಬ್ಯಾಟನ್ ಬೆಳಗಿನವರೆಗೆ ಸುಮ್ಮನಿರುತ್ತದೆ. ಅದಕ್ಕೆ ಪ್ರತಿ ರೌಂಡ್ ಮುಗಿದ ಮೇಲೆ ಮೇನ್ ಗೇಟಿಗೆ ಇಂಟರ್‌ಕಾಮ್ ಮಾಡಬೇಕು ಅಂತ ಮಾಡಿದ್ದೇವೆ, ಹತ್ತು ನಿಮಿಷ ತಡವಾದರೆ ಗೇಟಿನವರು ಹುಡುಕಿಕೊಂಡು ಹೋಗುತ್ತಾರೆ. ಮತ್ತೊಂದು, ಬ್ಯಾಟನ್ ಸಮಯ ಸರಿಮಾಡಿಕೊಳ್ಳುವುದು ಆಫೀಸಿನ ಕಂಪ್ಯೂಟರಿನಿಂದ. ನಮ್ಮ ಹಳೇ ಕಂಪ್ಯೂಟರಿನ ಒಳಗಿನ ಬಟನ್ ಸೆಲ್ ಹೋಗಿ, ಒಂದು ರಾತ್ರಿಯ ರೌಂಡ್ಸೆಲ್ಲ ಎಷ್ಟೋ ವರ್ಷ ಹಿಂದಿನ ತಾರೀಕಿಗೆ ಬಿದ್ದವು. ಸಿಆರ್2032 ಸೆಲ್ ಹಾಕಿದ ಮೇಲೆ ಸರಿಹೋಯಿತು.

ನಾನು ದಿನಾ ಬೆಳಿಗ್ಗೆ ಆರಕ್ಕೆ ವಾಕಿಂಗಿಗೆ ಇಳಿಯುವವನು. ಹೋಗುವಾಗ ಬ್ಯಾಟನ್ನನ್ನು ಆಫೀಸಿನ ಕಂಪ್ಯೂಟರಿನ ಕೇಬಲಿಗೆ ಚುಚ್ಚುತ್ತೇನೆ, ಬರುವಷ್ಟರಲ್ಲಿ ರಿಪೋರ್ಟ್ ಸಿದ್ಧ. ಹಾಗೆ ದಿನಾ ಇಳಿಯುವವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ಅಸೋಸಿಯೇಷನ್ ಫೋನಿನ ಜೊತೆ ಎನ್‌ಎಫ್‌ಸಿ ತಗೊಳ್ಳಿ, ಖರ್ಚು ಜಾಸ್ತಿಯಾದರೂ ನಡೆಯುತ್ತದೆ. ಕ್ಯೂಆರ್ ಮಾತ್ರ ಬೇಡ.

ರಾಯಚೂರಿನವರು ಈಗ ತಿಂಗಳ ಕೊನೆಗೆ ತಮ್ಮ ರೌಂಡ್ಸಿನ ಹಾಳೆ ಪ್ರಿಂಟ್ ಕೇಳುತ್ತಾರೆ, ಏಜೆನ್ಸಿಯವರು ಮತ್ತೆ ಸಂಬಳ ಹಿಡಿದರೆ ತೋರಿಸಲು. ಕೊಡುತ್ತೇನೆ. ಮುಂದಿನ ತಿಂಗಳು ಇನ್ನೊಂದು ಬ್ಯಾಟನ್ ತರಿಸುತ್ತಿದ್ದೇವೆ, ಒಂದು ಚಾರ್ಜಿಗೆ ಹೋದಾಗ ಇನ್ನೊಂದು ಕೈಯಲ್ಲಿರಲಿ ಅಂತ.