ಅಗ್ಗದ ಕೀ, ಅಂಗಡಿಯ ಡಬ್ಬಿ, ವಿಂಡೋಸ್‌ನ ಡಿಫೆಂಡರ್: ಮನೆ ಕಂಪ್ಯೂಟರಿಗೆ ಯಾವ ಕಾವಲು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆ್ಯಂಟಿವೈರಸ್‌ಗೆ. ತಿಂಗಳಿಗೊಮ್ಮೆ ಪಕ್ಕದಲ್ಲಿ ಆಡ್‌ಡಬ್ಲ್ಯೂಕ್ಲೀನರ್ ಎಂಬ ಬಿಟ್ಟಿ ಸಾಧನ ಓಡಿಸಿದರೆ ಕೊಡಗಿನ ಸಾಮಾನ್ಯ ಮನೆ ಕಂಪ್ಯೂಟರಿಗೆ ಅಷ್ಟು ಸಾಕು. ಆನ್‌ಲೈನ್‌ನಲ್ಲಿ 150 ರೂಪಾಯಿಗೆ ಕೊಂಡ ಆ್ಯಂಟಿವೈರಸ್ ಕೀ (ಪ್ರೋಗ್ರಾಮನ್ನು ಚಾಲೂ ಮಾಡುವ ಲೈಸೆನ್ಸ್ ಸಂಖ್ಯೆ) ವರ್ಷ ಬಾಳಬೇಕಾದ್ದು ಎರಡೇ ತಿಂಗಳಿಗೆ ನಿಂತುಹೋಯಿತು. ಆಮೇಲೆ ಅಂಗಡಿಯಲ್ಲಿ ಬಿಲ್ ಸಮೇತ ಸಿಗುವ ಆ್ಯಂಟಿವೈರಸ್ ಡಬ್ಬಿಯನ್ನೂ ಡಿಫೆಂಡರನ್ನೂ ಅದೇ ಯಂತ್ರದಲ್ಲಿ ಒಂದಾದ ಮೇಲೊಂದು ಓಡಿಸಿ ನೋಡಿ ಬರೆದದ್ದು ಇದು. ಯಂತ್ರ ಹಳೆಯದು: 4 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇಲ್ಲ, ತಿರುಗುವ ಹಾರ್ಡ್‌ಡಿಸ್ಕ್.

ಮನೆ ಕಂಪ್ಯೂಟರಿನಲ್ಲಿ ಕದಿಯೋಕೆ ಏನಿದೆ ಎಂದು ಕೇಳುವವರಿದ್ದಾರೆ. ಹೋಮ್‌ಸ್ಟೇ ನಡೆಸುವ ಮನೆಯ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಅತಿಥಿಗಳ ಆಧಾರ್ ಪ್ರತಿಗಳು ಅಲ್ಲಿರುತ್ತವೆ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು, ಅದಕ್ಕಾಗಿ ತೆಗೆದುಕೊಂಡ ಪಾಸ್‌ಪೋರ್ಟ್, ವೀಸಾ ಸ್ಕ್ಯಾನ್‌ಗಳೂ ಅಲ್ಲೇ ಬಿದ್ದಿರುತ್ತವೆ. ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್, ಬುಕಿಂಗ್ ಜಾಲತಾಣಗಳ ಲಾಗಿನ್. ಈಗಿನ ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ತಂತ್ರಾಂಶ, ಹುಡುಕುವುದು ಇವನ್ನೇ. ಲುಮ್ಮಾ ಎಂಬ ಕಳ್ಳ ತಂತ್ರಾಂಶದ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಮುರಿದರು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ ಅದು ತಗುಲಿದ್ದ ವಿಂಡೋಸ್ ಕಂಪ್ಯೂಟರುಗಳು 3,94,000ಕ್ಕೂ ಹೆಚ್ಚು ಎಂದು ಮೈಕ್ರೋಸಾಫ್ಟೇ ಹೇಳಿತು.

ಈಗ ಅಗ್ಗದ ಕೀ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ನೋಡೋಕೆ ಇದು ಮೋಸದ ಹಾಗೆ ಕಾಣುವುದಿಲ್ಲ. ಹಣ ಕಟ್ಟಿದ ಹತ್ತು ನಿಮಿಷಕ್ಕೆ ವಾಟ್ಸಾಪಿಗೋ ಮೇಲಿಗೋ ಕೀ ಬರುತ್ತದೆ, ಹಾಕಿದರೆ ಹಸಿರು ಟಿಕ್ ಬೀಳುತ್ತದೆ, 365 ದಿನ ಬಾಕಿ ಎಂದು ತೋರಿಸುತ್ತದೆ. ಕೀ ನಕಲಿ ಅಲ್ಲ, ಬಹಳ ಸಲ ಅಸಲಿಯೇ. ತೊಂದರೆ ಇರುವುದು ಅದು ಮಾರಾಟಗಾರನ ಕೈಗೆ ಬಂದ ದಾರಿಯಲ್ಲಿ.

ಒಂದು ದಾರಿ, ಐದೋ ಹತ್ತೋ ಸಾಧನಗಳಿಗೆಂದು ಕೊಟ್ಟ ಒಂದೇ ಲೈಸೆನ್ಸನ್ನು ಹೋಳು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಮಾರುವುದು. ಇನ್ನೊಂದು, ಬೆಲೆ ಕಡಿಮೆ ಇರುವ ಬೇರೆ ದೇಶದಲ್ಲಿ ಕೊಂಡು ಇಲ್ಲಿ ಮಾರುವುದು. ಮತ್ತೊಂದು, ಕಚೇರಿ ಅಥವಾ ಕಾಲೇಜಿಗೆ ಸಗಟಾಗಿ ಕೊಟ್ಟ ಕೀಯನ್ನು ಹೊರಗೆ ಬಿಡುವುದು. ಎಲ್ಲಕ್ಕಿಂತ ಕೆಟ್ಟದ್ದು ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಕೀ. ಕಾರ್ಡಿನ ಒಡೆಯ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆದ ಕೂಡಲೇ ಕಂಪನಿ ಆ ಕೀಯನ್ನು ರದ್ದು ಮಾಡುತ್ತದೆ. ದೂರು, ವಿಚಾರಣೆ ಎಂದು ಇದಕ್ಕೆ ವಾರಗಳು ಹಿಡಿಯುವುದರಿಂದ ಕೀ ಮೊದಲ ದಿನ ಸಾಯುವುದಿಲ್ಲ, ಮಾರಾಟಗಾರ ಕೊಟ್ಟ 30 ದಿನದ ಗ್ಯಾರಂಟಿ ಮುಗಿದ ಮೇಲೆ ಸಾಯುತ್ತದೆ. ಆಗ ಆ ಅಂಗಡಿಗೆ ಬೇರೆ ಹೆಸರು ಬಂದಿರುತ್ತದೆ.

ಹೋಳು ಮಾಡಿದ ಲೈಸೆನ್ಸಿನಲ್ಲಿ ದುಡ್ಡು ಹೋಗುವುದಕ್ಕಿಂತ ದೊಡ್ಡ ಅಪಾಯವೊಂದಿದೆ. ಈಗ ಬಹಳಷ್ಟು ಆ್ಯಂಟಿವೈರಸ್‌ಗಳು ಕೀಯನ್ನು ಒಂದು ಆನ್‌ಲೈನ್ ಖಾತೆಗೆ ಕಟ್ಟಿಡುತ್ತವೆ. ಆ ಖಾತೆ ನಿಮ್ಮದಲ್ಲ, ಮಾರಿದವನದು. ಅವನು ಕಳಿಸಿದ ಲಿಂಕ್ ಒತ್ತಿ ಸೇರಿಕೊಂಡರೆ ನಿಮ್ಮ ಕಂಪ್ಯೂಟರಿನ ಹೆಸರು ಅವನ ಪಟ್ಟಿಯಲ್ಲಿ ಕಾಣುತ್ತದೆ. ಬೇಕೆಂದಾಗ ನಿಮ್ಮನ್ನು ತೆಗೆದು ಅದೇ ಜಾಗವನ್ನು ಇನ್ನೊಬ್ಬರಿಗೆ ಮಾರಬಹುದು. ಸ್ಪೈವೇರಿನಿಂದ ತಪ್ಪಿಸಿಕೊಳ್ಳಲು ಹೋಗಿ, ಮುಖ ಕಾಣದವನ ಪಟ್ಟಿಯಲ್ಲಿ ಮನೆಯ ಕಂಪ್ಯೂಟರನ್ನು ಸೇರಿಸುವುದು ನನಗೆ ಯಾವ ಬೆಲೆಗೂ ಒಪ್ಪಿಗೆಯಿಲ್ಲ.

ಇದಕ್ಕೂ ಕೆಟ್ಟದ್ದು, ಆ್ಯಕ್ಟಿವೇಟ್ ಮಾಡಿಕೊಡುತ್ತೇನೆ ಎಂದು ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ಪ್ರೋಗ್ರಾಮ್) ಹಾಕಿಸಿ, ಅದು ತೋರಿಸುವ ಒಂಬತ್ತು ಅಂಕಿಯೋ ಹತ್ತು ಅಂಕಿಯೋ ಕೇಳುವುದು. ಆ ಅಂಕಿ ಕೊಟ್ಟು ಒಪ್ಪಿಗೆ ಒತ್ತಿದರೆ ಇಡೀ ಯಂತ್ರ ಅವನ ಕೈಯಲ್ಲಿ. ಡಿಫೆಂಡರ್ ಆಫ್ ಮಾಡಿ, ಈ ಫೈಲ್ ಓಡಿಸಿ ಎಂದವನ ಜೊತೆ ಮಾತೇ ಬೇಡ. ವಿಂಡೋಸ್, ಆಫೀಸ್ ಬಿಟ್ಟಿಯಾಗಿ ಆ್ಯಕ್ಟಿವೇಟ್ ಮಾಡುತ್ತದೆ ಎನ್ನುವ ಕೆಎಂಎಸ್‌ಪಿಕೊ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳೊಳಗೆ ಪಾಸ್‌ವರ್ಡ್ ಕದಿಯುವ ಕ್ರಿಪ್ಟ್‌ಬಾಟ್ ಇದ್ದದ್ದು 2021ರ ಕೊನೆಯಲ್ಲೇ ಬಯಲಾಗಿತ್ತು.

ಅಂಗಡಿಯ ಡಬ್ಬಿ ಇದಕ್ಕಿಂತ ಎಷ್ಟೋ ವಾಸಿ. ಬಿಲ್ ಇರುತ್ತದೆ, ಕೀ ನಿಮ್ಮ ಮೇಲ್ ಮತ್ತು ಫೋನ್ ನಂಬರಿಗೆ ನೋಂದಣಿ ಆಗುತ್ತದೆ, ಕೈ ಕೊಟ್ಟರೆ ಹೋಗಿ ಕೇಳೋಕೆ ಒಂದು ಕೌಂಟರ್ ಇದೆ. ಡಬ್ಬಿಗೆ ಒಂದು ಗಟ್ಟಿ ಗುಣವೂ ಇದೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನೇ ಸ್ಕ್ಯಾನ್ ಶುರು ಮಾಡುತ್ತದೆ. ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ರೋಗ ನಮ್ಮ ಕಡೆ ಇನ್ನೂ ಹೋಗಿಲ್ಲ. ಡಿಫೆಂಡರ್ ಫುಲ್ ಸ್ಕ್ಯಾನ್ ಮಾಡುವಾಗಲೂ ತಾನಾಗಿ ಪೆನ್‌ಡ್ರೈವ್ ಮುಟ್ಟುವುದಿಲ್ಲ. ದಿಸ್ ಪಿಸಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಎಂದು ನಾವೇ ಒತ್ತಬೇಕು (ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ಶೋ ಮೋರ್ ಆಪ್ಷನ್ಸ್ ಒಳಗಿರುತ್ತದೆ). ಶಾರ್ಟ್‌ಕಟ್‌ಗಳನ್ನು ಅಳಿಸಿದ ಮೇಲೂ ನಿಜವಾದ ಫೋಲ್ಡರ್ ಕಾಣದಿದ್ದರೆ ಗಾಬರಿ ಬೇಡ, ಫಾರ್ಮ್ಯಾಟ್ ಮಾಡಲೂ ಬೇಡ. ಫೈಲುಗಳು ಅಲ್ಲೇ ಇವೆ. ಅವಕ್ಕೆ ಹಿಡನ್ ಮತ್ತು ಸಿಸ್ಟಮ್ ಎಂಬ ಗುರುತು ಬಿದ್ದಿದೆ, ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಆಜ್ಞೆ ಕೊಟ್ಟು ಎರಡನ್ನೂ ತೆಗೆದರೆ ಮತ್ತೆ ಕಾಣುತ್ತವೆ.

ಆದರೂ ಡಬ್ಬಿ ನನ್ನ ಆಯ್ಕೆಯಲ್ಲ. 4 ಜಿಬಿ ಯಂತ್ರದಲ್ಲಿ ಅದು ಬೆಳಗ್ಗೆ ಅಪ್‌ಡೇಟ್ ಮಾಡಿಕೊಳ್ಳುವಷ್ಟು ಹೊತ್ತು ಬ್ರೌಸರ್ ತೆರೆಯುವುದಿಲ್ಲ. ಟ್ಯೂನ್‌ಅಪ್, ವಿಪಿಎನ್, ಪಾಸ್‌ವರ್ಡ್ ಲಾಕರ್ ಎಂದು ಬೇಡದ ತಟ್ಟೆಗಳನ್ನೆಲ್ಲ ಮುಂದಿಡುತ್ತದೆ. ವರ್ಷ ತುಂಬುವ ಒಂದು ತಿಂಗಳ ಮುಂಚಿನಿಂದ ರಿನ್ಯೂ ಮಾಡಿ ಎಂಬ ಕಿಟಕಿ ದಿನಾ ಬರುತ್ತದೆ.

ಡಬ್ಬಿಯನ್ನೋ ಅಗ್ಗದ ಕೀಯನ್ನೋ ಬಿಟ್ಟು ಡಿಫೆಂಡರಿಗೆ ಬರುವಾಗ ಅರ್ಧಂಬರ್ಧ ತೆಗೆಯಬೇಡಿ. ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಆಮೇಲೆ ಅದೇ ಕಂಪನಿಯ ಜಾಲತಾಣದಲ್ಲಿ ಸಿಗುವ ರಿಮೂವಲ್ ಟೂಲ್ ಓಡಿಸಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ. ಹಳೆಯದರ ತುಣುಕು ಉಳಿದರೆ, ಕಾವಲಿಗೆ ಇನ್ನೊಬ್ಬ ಇದ್ದಾನೆ ಎಂದುಕೊಂಡು ಡಿಫೆಂಡರ್ ಎದ್ದೇಳದೆ ಕೂರಬಹುದು. ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ತೆರೆದರೆ ಯಾರ ಹೆಸರು ಆನ್ ಇದೆ ಎಂಬುದು ಗೊತ್ತಾಗುತ್ತದೆ.

ಡಿಫೆಂಡರಿನಲ್ಲಿ ನಮ್ಮ ಕಡೆಯವರಿಗೆ ಕಾಡುವ ತೊಡಕು ಒಂದೇ, ಅದು ಇಂಟರ್ನೆಟ್. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಬ್ರಾಡ್‌ಬ್ಯಾಂಡ್ ದಿನಗಟ್ಟಲೆ ಬರುವುದಿಲ್ಲ, ಎಲ್ಲರೂ ಮೊಬೈಲ್ ಹಾಟ್‌ಸ್ಪಾಟಿಗೆ ಇಳಿಯುತ್ತಾರೆ. ಡೇಟಾ ಉಳಿಸೋಕೆ ಆ ವೈಫೈಗೆ ಮೀಟರ್ಡ್ ಕನೆಕ್ಷನ್ ಆನ್ ಮಾಡಿಡುತ್ತಾರೆ. ಮೀಟರ್ಡ್ ಎಂದು ಗುರುತಾದ ಜಾಲದಲ್ಲಿ ಡಿಫೆಂಡರ್ ತನ್ನ ವೈರಸ್ ಪಟ್ಟಿಯನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ, ಅದರ ಮೂಲ ಸೆಟ್ಟಿಂಗೇ ಹಾಗೆ. ಜೂನ್‌ನಲ್ಲಿ ಹಾಕಿದ ಮೀಟರ್ಡ್ ಗುರುತು ಸೆಪ್ಟೆಂಬರ್‌ವರೆಗೂ ಹಾಗೇ ಉಳಿದರೆ ಕಾವಲುಗಾರನ ಕೈಯಲ್ಲಿ ಮೂರು ತಿಂಗಳು ಹಳೆಯ ಪಟ್ಟಿ. ನೆಟ್ ಇಲ್ಲದಾಗ ಕ್ಲೌಡ್ ನೆರವೂ (ಮೈಕ್ರೋಸಾಫ್ಟ್ ಸರ್ವರುಗಳ ಸಹಾಯ) ಸಿಗದು, ಹಾಗಾಗಿ ಅದರ ಪತ್ತೆ ಶಕ್ತಿ ಇನ್ನೂ ತಗ್ಗುತ್ತದೆ.

ಪರಿಹಾರ ಸುಲಭ. ವಾರಕ್ಕೊಮ್ಮೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ ಎಂದು ಹೋಗಿ, ಆ ಹಾಟ್‌ಸ್ಪಾಟಿನ ಪ್ರಾಪರ್ಟೀಸ್‌ನಲ್ಲಿ ಮೀಟರ್ಡ್ ಆಫ್ ಮಾಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ತೆರೆದು ಕೆಳಗೆ ಪ್ರೊಟೆಕ್ಷನ್ ಅಪ್‌ಡೇಟ್ಸ್ ಒತ್ತಿ, ಚೆಕ್ ಫಾರ್ ಅಪ್‌ಡೇಟ್ಸ್ ಕೊಡಿ. ಅಲ್ಲಿ ಕಾಣುವ ತಾರೀಖು ಇವತ್ತಿನದೋ ನಿನ್ನೆಯದೋ ಆಗುವವರೆಗೆ ಕಾದು ಮೀಟರ್ಡ್ ಮತ್ತೆ ಆನ್ ಮಾಡಿ. ಸಿಗ್ನಲ್ಲೇ ಇಲ್ಲದ ಮನೆಯಾದರೆ, ಪೇಟೆಗೆ ಹೋದಾಗ ಮೈಕ್ರೋಸಾಫ್ಟ್ ಜಾಲತಾಣದಿಂದ ಡಿಫೆಂಡರಿನ ಪೂರ್ತಿ ಅಪ್‌ಡೇಟ್ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು ಡಬಲ್ ಕ್ಲಿಕ್ ಮಾಡಿದರೂ ಆಗುತ್ತದೆ. 100 ಎಂಬಿಗಿಂತ ದೊಡ್ಡ ಫೈಲು, 32 ಬಿಟ್, 64 ಬಿಟ್ ನೋಡಿ ಆರಿಸಬೇಕು. ತಿಂಗಳುಗಟ್ಟಲೆ ನೆಟ್ಟಿಗೇ ಸೇರದ, ಪೆನ್‌ಡ್ರೈವ್ ಮಾತ್ರ ಓಡಾಡುವ ಕಂಪ್ಯೂಟರ್ ನಿಮ್ಮದಾದರೆ ಅಂಗಡಿಯ ಡಬ್ಬಿಯೇ ಮೇಲು.

ಕರೆಂಟ್ ವಿಷಯವೂ ಲೆಕ್ಕಕ್ಕೆ ಬರಬೇಕು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಫುಲ್ ಸ್ಕ್ಯಾನಿಗೆ ಗಂಟೆಗಳೇ ಬೇಕು, ಕಂಪ್ಯೂಟರಿನ ಯುಪಿಎಸ್ ಅಷ್ಟು ಹೊತ್ತು ಎಳೆಯದು. ದಿನಬಳಕೆಗೆ ಕ್ವಿಕ್ ಸ್ಕ್ಯಾನ್ ಸಾಕು. ಏನೋ ಹೊಕ್ಕಿದೆ ಎಂಬ ಬಲವಾದ ಅನುಮಾನ ಇದ್ದರೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ವಿಂಡೋಸ್ ಏಳುವ ಮುಂಚೆಯೇ ಓಡುವುದರಿಂದ ಅಡಗಿ ಕೂತದ್ದಕ್ಕೂ ಎದ್ದು ಅಡ್ಡಿ ಮಾಡೋಕೆ ಆಗುವುದಿಲ್ಲ. ಸುಮಾರು 15 ನಿಮಿಷದ ಕೆಲಸ. ತೆರೆದ ಫೈಲುಗಳನ್ನು ಮೊದಲೇ ಸೇವ್ ಮಾಡಿಕೊಳ್ಳಿ, ಯಂತ್ರ ರೀಸ್ಟಾರ್ಟ್ ಆಗುತ್ತದೆ.

ಎರಡು ಸೆಟ್ಟಿಂಗ್ ಮರೆಯಬೇಡಿ. ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್‌ನಲ್ಲಿ ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ತೆರೆದು, ಬೇಡದ ಆ್ಯಪ್ ತಡೆಯುವ ಸ್ವಿಚ್ ಆನ್ ಇದೆಯೇ, ಅದರ ಕೆಳಗಿನ ಎರಡೂ ಚೌಕಕ್ಕೆ ಟಿಕ್ ಬಿದ್ದಿದೆಯೇ ನೋಡಿ. ಇನ್ನೊಂದು ಟ್ಯಾಂಪರ್ ಪ್ರೊಟೆಕ್ಷನ್. ಅದು ಆನ್ ಇದ್ದರೆ ಬೇರೆ ಪ್ರೋಗ್ರಾಮುಗಳು ಡಿಫೆಂಡರನ್ನು ಕದ್ದುಮುಚ್ಚಿ ಆರಿಸಲಾರವು.

ಅತಿಥಿಗಳು ಟಿಕೆಟ್ ಪ್ರಿಂಟ್ ಬೇಕು ಎಂದು ಬರುವ ಮನೆಯಲ್ಲಿ ಅವರಿಗಾಗಿ ಬೇರೆ ಸ್ಟ್ಯಾಂಡರ್ಡ್ ಯೂಸರ್ ಖಾತೆ (ಯಂತ್ರದ ಮುಖ್ಯ ಸೆಟ್ಟಿಂಗ್ ಬದಲಿಸಲಾಗದ ಖಾತೆ) ಮಾಡಿಡಿ. ಮನೆಯವರ ದಿನಬಳಕೆಯ ಖಾತೆಯೂ ಸ್ಟ್ಯಾಂಡರ್ಡ್ ಆಗಿದ್ದು, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಮೂರು ಆಯ್ಕೆಗಳಲ್ಲಿ ಯಾವುದನ್ನು ಹಿಡಿದರೂ ಇದರಷ್ಟು ಲಾಭದ ಕೆಲಸ ಇನ್ನೊಂದಿಲ್ಲ, ಖರ್ಚೂ ಇಲ್ಲ.

ಆಡ್‌ಡಬ್ಲ್ಯೂಕ್ಲೀನರ್ ಮಾಲ್‌ವೇರ್‌ಬೈಟ್ಸ್ ಕಂಪನಿಯದೇ ಬಿಟ್ಟಿ ಸಾಧನ. ಇನ್‌ಸ್ಟಾಲ್ ಮಾಡಬೇಕಿಲ್ಲ, ಇಳಿಸಿ ಓಡಿಸಿದರೆ ಆಯಿತು. ಬ್ರೌಸರಿನ ಹೋಮ್‌ಪೇಜ್ ತಿರುಚುವವು, ಜಾಹೀರಾತು ತುರುಕುವವು ಇದರ ಬಲೆಗೆ ಚೆನ್ನಾಗಿ ಬೀಳುತ್ತವೆ. ಕೊನೆಯಲ್ಲಿ ಪ್ರೀಇನ್‌ಸ್ಟಾಲ್ಡ್ ಎಂದು ಬೇರೆ ಪಟ್ಟಿ ಬಂದರೆ ಎಲ್ಲಕ್ಕೂ ಟಿಕ್ ಹಾಕಬೇಡಿ, ಲ್ಯಾಪ್‌ಟಾಪ್ ಕಂಪನಿಯವರು ಕೊಟ್ಟ ಕೆಲಸದ ಪ್ರೋಗ್ರಾಮುಗಳೂ ಅದರಲ್ಲಿರುತ್ತವೆ. ಮಾಲ್‌ವೇರ್‌ಬೈಟ್ಸಿನ ದೊಡ್ಡ ಪ್ರೋಗ್ರಾಮನ್ನೇ ಹಾಕಿಕೊಂಡರೆ ಮೊದಲ ಕೆಲವು ದಿನ ಪ್ರೀಮಿಯಂ ಟ್ರಯಲ್ ಓಡುತ್ತದೆ, ಆ ಹೊತ್ತಿನಲ್ಲಿ ಡಿಫೆಂಡರ್ ಹಿಂದೆ ಸರಿಯಬಹುದು. ಟ್ರಯಲ್ ನಿಲ್ಲಿಸಿ, ಬೇಕಾದಾಗ ಸ್ಕ್ಯಾನಿಗೆ ಮಾತ್ರ ಇಟ್ಟುಕೊಳ್ಳಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಬಿಟ್ಟಿ ಬಾಟ್ ರಿಮೂವಲ್ ಟೂಲ್‌ಗಳನ್ನು (ಯಂತ್ರವನ್ನು ದೂರದಿಂದ ಆಡಿಸುವ ಕೆಟ್ಟ ತಂತ್ರಾಂಶ ತೆಗೆಯುವ ಸಾಧನಗಳನ್ನು) ಕೊಡುತ್ತಿದೆ.

ತೆರೆಯ ಬಲಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ" ಎಂದು ಮತ್ತೆ ಮತ್ತೆ ಬರುವುದು ಬಹುಪಾಲು ವೈರಸ್ಸೇ ಅಲ್ಲ. ಯಾವುದೋ ಜಾಲತಾಣಕ್ಕೆ ಅಲೌ ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಒಳಗೆ ಗುರುತಿಲ್ಲದ ಹೆಸರುಗಳನ್ನು ತೆಗೆದರೆ ನಿಲ್ಲುತ್ತದೆ. ಇದನ್ನು ನೋಡಿ ಹೆದರಿ ಆ್ಯಂಟಿವೈರಸ್ ಕೊಳ್ಳುವವರು ಬಹಳ. ಹಾಗೆಯೇ ಕನ್ನಡ ಟೈಪ್ ಮಾಡೋಕೆಂದು ಸಿಕ್ಕ ಸಿಕ್ಕ ಡೌನ್‌ಲೋಡ್ ಬಟನ್ ಒತ್ತಬೇಡಿ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ.

ಮನೆಯಲ್ಲೇ ಕೂತು ಕೀ, ಟೆಂಪ್ಲೇಟ್, ಇ-ಪುಸ್ತಕ ಮರುಮಾರಾಟ ಮಾಡುವವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಮರುಮಾರಾಟದ ಹಕ್ಕು ಬರಹದಲ್ಲಿ ಇಲ್ಲದ ಸರಕು ಮುಟ್ಟಬೇಡಿ, ಮೇಲೆ ಹೇಳಿದ ಕೀ ವ್ಯಾಪಾರದಲ್ಲಿ ಕೊನೆಗೆ ಗ್ರಾಹಕ ಬಂದು ನಿಲ್ಲುವುದು ನಿಮ್ಮ ಬಾಗಿಲಲ್ಲೇ. ಸಗಟಿನವನು ಕಳಿಸಿದ ಜಿಪ್ ಫೈಲನ್ನು ಮಾರಾಟದ ಖಾತೆ ತೆರೆದಿರುವ ಯಂತ್ರದಲ್ಲಿ ಬಿಚ್ಚಬೇಡಿ. ಕಳ್ಳ ತಂತ್ರಾಂಶಕ್ಕೆ ಪಾಸ್‌ವರ್ಡೇ ಬೇಕೆಂದಿಲ್ಲ, ಬ್ರೌಸರಿನ ಕುಕೀ (ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಫೈಲು) ಸಿಕ್ಕಿದರೆ ಒಟಿಪಿ ಕೇಳದೆಯೇ ಒಳಗೆ ಹೋಗುತ್ತದೆ. ಹಾಗಾದರೆ ಬೇರೆ ಶುಭ್ರ ಸಾಧನದಿಂದ ಎಲ್ಲ ಕಡೆಯೂ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ ಅದಕ್ಕೆ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದ್ದರೂ, ವಿಂಡೋಸಿನದೇ ತೂತುಗಳನ್ನು ಆ ಪಟ್ಟಿ ಮುಚ್ಚುವುದಿಲ್ಲ. ಡಬ್ಬಿ ಕೊಂಡರೂ ಮುಚ್ಚುವುದಿಲ್ಲ. ಹಾಗಾಗಿ ಡಬ್ಬಿಗೆ ಹಾಕುವ ದುಡ್ಡನ್ನು ಹೊಸ ಯಂತ್ರದ ಕಡೆಗೆ ಕೂಡಿಡುವುದು, ಇಲ್ಲವೇ 64 ಜಿಬಿಯ ಎರಡು ಪೆನ್‌ಡ್ರೈವ್ ಕೊಂಡು ಫೋಟೋ, ತೋಟದ ಲೆಕ್ಕ, ಪತ್ರಗಳ ಪ್ರತಿ ಇಡುವುದು ನನ್ನ ಲೆಕ್ಕಕ್ಕೆ ಸರಿ. ಒಂದು ಪೆನ್‌ಡ್ರೈವ್ ಬೀರುವಿನಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ. ಪ್ರತಿ ಮಾಡಿದ ಕೂಡಲೇ ಎರಡನ್ನೂ ಕಂಪ್ಯೂಟರಿನಿಂದ ತೆಗೆದುಬಿಡಿ, ಚುಚ್ಚಿಯೇ ಇಟ್ಟರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದ ದಿನ ಅವೂ ಬೀಗ ಬೀಳುವ ಪಟ್ಟಿಗೆ ಸೇರುತ್ತವೆ.